ಎಡಗಡೆಯ ಜಾಗ

ಒಂಟಿಕಾಲಲ್ಲಿ ನಿಂತು ಹಲ್ಲುಜ್ಜಿದರೆ ಆ ದಿನದ ಮನಸ್ಸು ಹೇಗಿದೆಯೆಂದು ತಿಳಿಯುತ್ತದೆ ಎಂದು ಟೀಚರ್ ತಮ್ಮ ಯೋಗದ ತರಗತಿಯವರಿಗೆ ಹೇಳುತ್ತಿದ್ದರು. ಅಲುಗಿದರೆ ಅದು ಕಾಲಿನ ತಪ್ಪಲ್ಲ, ತಲೆಯೊಳಗೆ ಯಾರೋ ಓಡಾಡುತ್ತಿದ್ದಾರೆ ಅಂತ. ಎಲ್ಲರೂ ನಗುತ್ತಿದ್ದರು. ಮಾರನೆಯ ದಿನ ಯಾರಾದರೊಬ್ಬರು ಬಂದು, ನಮ್ಮ ಯಜಮಾನ್ರು ಓಡಾಡ್ತಿದ್ರು ಟೀಚರ್, ಅವರನ್ನ ಹೊರಗೆ ಕಳಿಸೋಕೆ ಯಾವ ಆಸನ ಎಂದು ಕೇಳುತ್ತಿದ್ದರು. ಇವತ್ತು ಬಚ್ಚಲಿನಲ್ಲಿ, ಬೇಸಿನ್ನಿನ ಅಂಚಿಗೆ ಬೆರಳು ತಾಗಿಯೂ ತಾಗದ ಹಾಗೆ ಇಟ್ಟುಕೊಂಡು, ಅವರು ಎಡಗಾಲನ್ನು ಮೆಲ್ಲಗೆ ಎತ್ತಿದರು. ಭಾರವೆಲ್ಲ ಬಲಗಾಲಿಗೆ, ಅಂದರೆ ಕೀಲು ಬದಲಾಯಿಸಿದ ಸೊಂಟಕ್ಕೆ ಇಳಿಯಿತು. ಅದು ತಡೆದುಕೊಂಡಿತು. ಬಾಯಿ ತುಂಬ ನೊರೆ. ಉಗುಳಲು ಬಗ್ಗಿದರೆ ನಿಲುವು ಕೆಡುತ್ತದೆಂದು ಕೆನ್ನೆ ಊದಿಸಿಕೊಂಡು ಹಾಗೇ ನಿಂತರು. ಕಾಲು ಅಲುಗಲಿಲ್ಲ. ತಲೆಯೊಳಗೆ ಮಾತ್ರ ಒಬ್ಬಳು ಓಡಾಡುತ್ತಲೇ ಇದ್ದಳು. ಹೊರಗೆ ಹಜಾರದಲ್ಲಿಯೂ ಅವಳೇ ಓಡಾಡುತ್ತಿದ್ದಳು, ಚಾಪೆಗಳನ್ನು ಸುತ್ತಿ ಚೀಲಕ್ಕೆ ತುರುಕುತ್ತ, ಮಗುವಿನ ನಿದ್ದೆ ಕೆಡದ ಹಾಗೆ ತುದಿಗಾಲಲ್ಲಿ. ಸೊಸೆಯ ನಡಿಗೆಯೇ ಹಾಗೆ, ಹಿಮ್ಮಡಿ ಪೂರ್ತಿ ಊರುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಟೀಚರ್ ಅದನ್ನು ತಿದ್ದಲು ನೋಡಿದ್ದರು. ಅವಳು ಎರಡು ದಿನ ಹಿಮ್ಮಡಿ ಊರಿ ನಡೆದು, ಮೂರನೆಯ ದಿನ, ಅತ್ತೆ, ಹೀಗೆ ನಡೆದ್ರೆ ನಾನು ಬೇರೆ ಯಾರೋ ಬರ್ತಿದ್ದಾರೆ ಅಂತ ತಿರುಗಿ ನೋಡ್ತೀನಿ ಎಂದು ಬಿಟ್ಟುಬಿಟ್ಟಿದ್ದಳು.

ಟೀಚರ್ ಬಾಯಿ ತೊಳೆದು ಹೊರಗೆ ಬಂದಾಗ ಸೊಸೆ ಬಾಗಿಲ ಬಳಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಅತ್ತೆ, ಇವತ್ತು ನಿಮಗೆ ಫಿಸಿಯೋ ಅಲ್ವಾ?"

"ಹೂಂ."

"ಬಸ್ಸಲ್ಲಿ ಸೀಟು ಸಿಗದಿದ್ರೆ ಕೇಳಿ ಕೂತ್ಕೊಳ್ಳಿ. ಸಂಕೋಚ ಪಟ್ಕೊಂಡು ನಿಂತಿರಬೇಡಿ."

"ಆಯ್ತಮ್ಮ, ನಿನಗೆ ತಡ ಆಗುತ್ತೆ."

ಅವಳು ಹೋದ ಮೇಲೆ ಮನೆ ಒಮ್ಮೆಲೇ ದೊಡ್ಡದಾಯಿತು. ಫಿಸಿಯೋ ಮುಗಿದು ಎರಡು ತಿಂಗಳ ಮೇಲಾಗಿತ್ತು. ಈ ವಯಸ್ಸಿನಲ್ಲಿ, ಈ ಮನೆಯಲ್ಲಿ, ಯಾರಿಗೂ ಹೆದರಬೇಕಿಲ್ಲದ ತಾವು ಶಾಲೆ ತಪ್ಪಿಸಿಕೊಳ್ಳುವ ಹುಡುಗಿಯ ಹಾಗೆ ಸುಳ್ಳು ಹೇಳುತ್ತಿರುವುದು ಟೀಚರಿಗೆ ನಾಚಿಕೆಯೆನಿಸುತ್ತಿತ್ತು. ನಾಚಿಕೆಯ ಅಡಿಯಲ್ಲಿ ಸಣ್ಣದೊಂದು ಗೆಲುವೂ ಇತ್ತು. ನಾಚಿಕೆ ಹೆಚ್ಚಾದದ್ದು ಆ ಗೆಲುವಿನಿಂದಲೇ. ಯೋಗದ ತರಗತಿ ನಡೆಯುವ ಸಭಾಭವನದ ಮ್ಯಾನೇಜರ್ ನಿನ್ನೆ ಫೋನ್ ಮಾಡಿದ್ದ. ಅವನ ಮಾತು ಯಾವಾಗಲೂ ಕ್ಷಮೆ ಕೇಳುತ್ತಲೇ ಒಳಗೆ ಬರುತ್ತದೆ. ಟೀಚರೇ, ನನ್ನ ಕಷ್ಟ ಸ್ವಲ್ಪ ನೋಡಿ, ಬಾಗಿಲ ಬೋರ್ಡಿಗೆ ಹೊಸ ಬಣ್ಣ ಹೊಡೆಸ್ತಾ ಇದೀವಿ, ಬೆಳಗಿನ ಕ್ಲಾಸಿಗೆ ನಿಮ್ಮ ಹೆಸರು ಹಾಗೇ ಇರಲಾ, ಇಲ್ಲ ನಿಮ್ಮ ಸೊಸೆ ಹೆಸರು ಬರೆಸಲಾ, ನಾಳೆ ಸಂಜೆಯೊಳಗೆ ಒಂದು ಮಾತು ಹೇಳಿಬಿಡಿ. ಜಾಗ ನಿಮ್ಮದು, ನೀವು ಬರ್ತೀನಿ ಅಂದ್ರೆ ಮುಗೀತು. ಆದ್ರೆ ಜನ ಕೇಳ್ತಾ ಇದಾರೆ. ಏನು ಕೇಳುತ್ತಿದ್ದಾರೆ ಎಂದು ಟೀಚರ್ ಕೇಳಲಿಲ್ಲ. ಆ ಫೋನಿನ ವಿಷಯವನ್ನು ಸೊಸೆಗೂ ಹೇಳಲಿಲ್ಲ. ನಿನ್ನೆ ಊಟದ ಹೊತ್ತಿಗೆ ಅವಳೂ ಏನನ್ನೋ ಹೇಳದೆ ಉಳಿಸಿಕೊಂಡಂತಿತ್ತು. ಇಬ್ಬರೂ ಮಗುವಿನ ಹಲ್ಲು ಅಲುಗುತ್ತಿರುವುದರ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದ್ದರು. ಕೊನೆಗೆ ಮಗುವೇ ಬೇಸತ್ತು ಬಾಯಿ ಮುಚ್ಚಿಕೊಂಡಿತು.

ಆಪರೇಷನ್ ಆದಾಗ, ನಾನು ಎದ್ದು ಓಡಾಡೋವರೆಗೆ ನೋಡಿಕೋ ಎಂದು ತರಗತಿಯನ್ನು ಅವಳ ಕೈಗೆ ಕೊಟ್ಟವರು ಟೀಚರೇ. ಅವಳಿಗೆ ಗೊತ್ತಿದ್ದದ್ದು ಪಿಲಾಟೆಸ್. ಚಾಪೆಯ ಮೇಲೆ ಮಲಗಿ, ಹೊಟ್ಟೆಯ ಒಳಗಿನ ಸಣ್ಣ ಸ್ನಾಯುಗಳನ್ನು ಹುಡುಕಿ ಎಬ್ಬಿಸುವ ಕೆಲಸ. ಇದೇನು ಟೀಚರ್, ಅರ್ಧ ಗಂಟೆ ಒದ್ದಾಡಿದರೂ ನೋಡೋರಿಗೆ ಸುಮ್ಮನೆ ಬಿದ್ದುಕೊಂಡ ಹಾಗೆ ಕಾಣುತ್ತೆ ಎಂದು ಮೊದಲ ವಾರ ಜನ ಆಸ್ಪತ್ರೆಗೆ ಬಂದು ದೂರಿದ್ದರು. ಆ ದೂರುಗಳನ್ನು ಟೀಚರ್ ದಿಂಬಿಗೆ ಒರಗಿ, ಕಣ್ಣು ಅರೆ ಮುಚ್ಚಿ, ಒಳ್ಳೆಯ ಹಾಡು ಕೇಳುವ ಹಾಗೆ ಕೇಳಿದ್ದರು. ಹೊಂದಿಕೊಳ್ಳಿ, ಚಿಕ್ಕವಳು ಎಂದಿದ್ದರು. ಆಮೇಲೆ ದೂರುಗಳು ಕಡಿಮೆಯಾದವು. ಆಮೇಲೆ ನಿಂತೇಹೋದವು. ಲೆಕ್ಕದ ಮೇಷ್ಟ್ರು ಎಂದು ಎಲ್ಲರೂ ಕರೆಯುವ ಮುದುಕರು, ಟೀಚರ್ ಹತ್ತು ವರ್ಷ ಬಗ್ಗಿಸಲು ನೋಡಿದರೂ ಬಗ್ಗದ ಬೆನ್ನಿನವರು, ಒಂದು ದಿನ ಮನೆಗೆ ಬಂದು, ನಿಮ್ಮ ಸೊಸೆ ಕೈಯಲ್ಲಿ ಏನೋ ಇದೆ, ಬೆಳಿಗ್ಗೆ ಹಾಸಿಗೆಯಿಂದ ಏಳೋವಾಗ ಈಗ ನಾನು ಅಮ್ಮಾ ಅನ್ನಲ್ಲ ಎಂದರು. ಟೀಚರ್ ಸಂತೋಷಪಟ್ಟರು. ಸಂತೋಷ ನಿಜವೇ ಆಗಿತ್ತು, ಮುಖದ ಮೇಲೆ ಹರಡಲು ಮಾತ್ರ ಸ್ವಲ್ಪ ಹೊತ್ತು ತೆಗೆದುಕೊಂಡಿತು. ಹೆರಿಗೆಯಾದ ಮೇಲೆ ಹೊಟ್ಟೆಯ ಸ್ನಾಯು ಸಡಿಲವಾಗಿ ಸೊಸೆ ಒಂದು ವರ್ಷ ಸೀನಲೂ ಹೆದರುತ್ತಿದ್ದಳು, ಬಕೆಟ್ ಎತ್ತಲಾರದೆ ಕಾಲಿನಿಂದ ತಳ್ಳಿಕೊಂಡು ಹೋಗುತ್ತಿದ್ದಳು. ಆಗ ತಾವು ಏನು ಹೇಳಿದ್ದೆವೆಂಬುದು ಟೀಚರಿಗೆ ನೆನಪಿತ್ತು. ಎದ್ದು ಓಡಾಡು, ಎಲ್ಲ ತಾನೇ ಸರಿಹೋಗುತ್ತೆ. ಮನೆಯಲ್ಲೇ ಒಬ್ಬ ಯೋಗದ ಟೀಚರನ್ನು ಇಟ್ಟುಕೊಂಡು ಅವಳು ಹೊರಗೆಲ್ಲೋ ಹೋಗಿ ಆ ಚಾಪೆಯ ವಿದ್ಯೆ ಕಲಿತು ವಾಸಿಮಾಡಿಕೊಂಡಳು. ಯಾರಿಗೂ ಏನೂ ಹೇಳಲಿಲ್ಲ. ಒಂದು ದಿನ ಬಕೆಟ್ಟನ್ನು ಕೈಯಲ್ಲಿ ಎತ್ತಿಕೊಂಡು ಅಡಿಗೆಮನೆಯ ಮುಂದೆ ಹಾದುಹೋದಳು, ಅಷ್ಟೆ.

ಮಗ ಮಗುವನ್ನು ಎಬ್ಬಿಸಿ ಶಾಲೆಗೆ ಕರೆದುಕೊಂಡು ಹೋದ ಮೇಲೆ ಟೀಚರ್ ಹೊರಟರು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಶಾಲೆಯ ಚೀಲ ಹೊತ್ತ ತಾಯಿಯೊಬ್ಬಳು ತಾನಾಗಿ ಎದ್ದು ಕೊಟ್ಟಳು. ಟೀಚರ್ ಚೀಲವನ್ನು ತಮ್ಮ ತೊಡೆಯ ಮೇಲೆ ಇರಿಸಿಕೊಂಡರು. ಅವರು ಹೋಗುತ್ತಿದ್ದದ್ದು ಊರಿನ ಇನ್ನೊಂದು ತುದಿಗೆ. ಟೈರಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ, ಅಲ್ಲಿಗೆ ಹತ್ತಲು ಕಬ್ಬಿಣದ ಮೆಟ್ಟಿಲು. ಬಾಗಿಲ ಮೇಲೆ ತೈ ಚಿ ಎಂದು ಬರೆದಿತ್ತು, ಚೀನಾ ದೇಶದ ವ್ಯಾಯಾಮ. ಬರುವವರು ಅದನ್ನು ನಿಧಾನದ ಕ್ಲಾಸು ಎನ್ನುತ್ತಿದ್ದರು. ಫಿಸಿಯೋ ಮಾಡಿಸುತ್ತಿದ್ದ ಹುಡುಗಿ ಕೊನೆಯ ದಿನ, ಶಕ್ತಿ ಬಂದಿದೆ, ಇನ್ನು ಸಮತೋಲ ಒಂದು ಬರಬೇಕು, ಭಾರವನ್ನ ಒಂದು ಕಾಲಿಂದ ಇನ್ನೊಂದು ಕಾಲಿಗೆ ನಿಧಾನವಾಗಿ ಸುರಿಯೋ ತರಹದ್ದು ಏನಾದ್ರೂ ಮಾಡಿ ಎಂದಿದ್ದಳು. ಸುರಿಯುವುದು ಎಂಬ ಮಾತು ಟೀಚರಿಗೆ ಹಿಡಿಸಿತ್ತು. ಯಾರಿಗೂ ತಿಳಿಯದ ಹಾಗೆ ಸುರಿಯುವುದನ್ನು ಕಲಿತು, ಗಟ್ಟಿ ಕಾಲಿನೊಂದಿಗೆ ತಮ್ಮ ತರಗತಿಗೆ ಹೋಗಿ ನಿಲ್ಲಬೇಕು. ಅಷ್ಟೇ ಉಪಾಯ. ಸೇರುವ ದಿನ ಹೆಸರು, ಕೆಲಸ ಕೇಳಿದಾಗ, ಮನೆಯಲ್ಲೇ ಇರ್ತೀನಿ ಅಂದುಬಿಟ್ಟರು.

ಅಲ್ಲಿ ಕಲಿಸುತ್ತಿದ್ದವನನ್ನು ಎಲ್ಲರೂ, ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಸೇರಿ, ದೊಡ್ಡಣ್ಣ ಎನ್ನುತ್ತಿದ್ದರು. ಬೀರುವಿನಂಥ ಮೈ, ಅದರೊಳಗೆ ಎಲ್ಲೋ ಮಡಿಚಿಟ್ಟಂಥ ಸಣ್ಣ ದನಿ. ಒಂದು ಕಾಲದಲ್ಲಿ ಕುಸ್ತಿ ಮಾಡುತ್ತಿದ್ದನಂತೆ. ಅವನು ಜನಕ್ಕೆ ಬೆನ್ನು ಹಾಕಿ ನಿಂತು ಕಲಿಸುತ್ತಿದ್ದ. ಟೀಚರಿಗೆ ಮೊದಲ ದಿನವೇ ಅದು ಒರಟಾಗಿ ಕಂಡಿತು. ಮೂವತ್ತು ವರ್ಷ ಅವರು ಒಮ್ಮೆಯೂ ತಮ್ಮವರಿಗೆ ಬೆನ್ನು ಹಾಕಿದವರಲ್ಲ. ಎದುರು ನಿಂತು ಮುಖಗಳನ್ನು ಓದಬೇಕು, ಯಾರ ಹುಬ್ಬು ಗಂಟಾಯಿತು, ಯಾರು ಉಸಿರು ಬಿಗಿಹಿಡಿದರು ಎಂದು. ಎದುರು ನಿಂತು ಕಲಿಸುವವರು ಬಲಗೈ ಎಂದು ಹೇಳುತ್ತ ತಾವು ಎಡಗೈ ಎತ್ತಬೇಕಾಗುತ್ತದೆ, ಕನ್ನಡಿಯ ಹಾಗೆ. ಮೊದಮೊದಲು ಯೋಚಿಸಿ ಮಾಡುತ್ತಿದ್ದದ್ದು ಆಮೇಲೆ ಮೈಗೆ ಇಳಿದುಬಿಟ್ಟಿತು. ಕಿವಿಗೆ ಬಲ ಎಂದು ಬಿದ್ದರೆ ಸಾಕು, ಎಡಗೈ ತಾನೇ ಏಳುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗ, ಅಮ್ಮನ್ನ ದಾರಿ ಕೇಳಿ ಗಾಡಿ ಓಡಿಸಿದ್ರೆ ಮತ್ತೆ ಮನೆ ಮುಂದೆನೇ ಬಂದು ನಿಲ್ತೀವಿ ಎಂದು ಯಾವಾಗಲೂ ಆಡಿಕೊಳ್ಳುತ್ತಿದ್ದ. ಮನೆಯಲ್ಲಿ ಅದು ತಮಾಷೆ. ಇಲ್ಲಿ, ಆ ಮೊದಲ ದಿನ, ದೊಡ್ಡಣ್ಣ ಬೆನ್ನು ಹಾಕಿ, ಬಲಗಡೆಗೆ ಹೆಜ್ಜೆ, ಮೋಡ ಸರಿಸೋ ಹಾಗೆ ಕೈ ಎಂದಾಗ, ಇಡೀ ಸಾಲು ಬಲಕ್ಕೆ ತೇಲಿತು, ಸಾಲಿನ ಬಲತುದಿಯಲ್ಲಿ ಕಿಟಕಿಯ ಪಕ್ಕ ನಿಂತಿದ್ದ ಟೀಚರ್ ಒಬ್ಬರೇ ಎಡಕ್ಕೆ ತೇಲಿ ಪಕ್ಕದವನ ಎದೆಗೆ ಢಿಕ್ಕಿ ಹೊಡೆದರು. ಅವನು ನಿವೃತ್ತ ಬಸ್ ಡ್ರೈವರ್. ತಪ್ಪಾಯ್ತಮ್ಮ ಎಂದು ತಾನೇ ಹೇಳಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಮೂವತ್ತು ವರ್ಷ ಎದುರು ನಿಂತು ಯೋಗ ಕಲಿಸಿದವಳು, ಅದಕ್ಕೇ ಹೀಗಾಗುತ್ತಿದೆ ಎಂದು ಹೇಳಿಬಿಡಬಹುದಿತ್ತು. ಮನೆಯಲ್ಲೇ ಇರ್ತೀನಿ ಅಂದವಳು ಅದನ್ನು ಹೇಗೆ ಹೇಳುವುದು.

ಮರುಸಲ ಹೋದಾಗಲೂ ಹಾಗೇ ಆಯಿತು. ಅದರ ಮುಂದಿನ ಸಲ ಟೀಚರ್ ಗಮನಿಸಿದರು, ಡ್ರೈವರ್ ಒಂದು ಹೆಜ್ಜೆ ಆಚೆ ಸರಿದು ನಿಂತಿದ್ದ. ಅವನ ಆಚೆಯ ನರ್ಸಮ್ಮ, ಅವಳ ಆಚೆಯವರು, ಸಾಲಿಗೆ ಸಾಲೇ ಸರಿದು, ಟೀಚರ ಎಡಗಡೆಯಲ್ಲಿ ಒಬ್ಬರು ಮಲಗುವಷ್ಟು ನೆಲ ಖಾಲಿ ಬಿದ್ದಿತ್ತು. ಅಂದಿನಿಂದ ಅದು ಹಾಗೇ ಉಳಿಯಿತು. ಮೈಗೆ ತಗಲುವವಳ ಪಕ್ಕ ಯಾರು ತಾನೇ ನಿಲ್ಲುತ್ತಾರೆ. ಟೀಚರ ತರಗತಿಗೂ ಒಂದು ಕಾಲದಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು, ಮೈತುಂಬ ನೋವಿನ ಮುಲಾಮಿನ ವಾಸನೆ, ಅವಳ ಚಾಪೆಯ ಸುತ್ತ ಹೀಗೇ ಜಾಗ ಖಾಲಿ ಇರುತ್ತಿತ್ತು. ಎದುರು ನಿಂತು ಎಲ್ಲರ ಮುಖ ಓದುತ್ತಿದ್ದ ಟೀಚರ್ ಆ ಖಾಲಿ ಜಾಗವನ್ನು ದಿನವೂ ನೋಡಿದ್ದರು. ನೋಡಿಯೂ, ಎಲ್ಲರೂ ಕಣ್ಣು ಮುಚ್ಚಿ ಎಂದಿದ್ದರು.

ಆದರೂ ಬಿಡದೆ ಬಂದರು. ಬರುತ್ತ ಬರುತ್ತ ಮೈಯಲ್ಲಿ ಏನೋ ಆಗುತ್ತಿತ್ತು, ಅದನ್ನು ಒಪ್ಪಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಯೋಗ ಅವರಿಗೆ ತಡೆದು ನಿಲ್ಲುವುದನ್ನು ಕಲಿಸಿತ್ತು. ಒಂದು ಭಂಗಿಗೆ ಹೋಗಿ ಸೇರಿ ಅಲ್ಲೇ ಉಸಿರಿನೊಂದಿಗೆ ಕುಳಿತುಬಿಡುವುದು, ಮನಸ್ಸು ಆಡುವ ಆಟವನ್ನೆಲ್ಲ ಅಲ್ಲಿಂದಲೇ ನೋಡುವುದು. ಇಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದು ಹುಟ್ಟಿರುತ್ತಿತ್ತು, ಹಿಡಿದುಕೊಳ್ಳಲು ಹೋದರೆ ಕಾಲು ತಪ್ಪುತ್ತಿತ್ತು. ನಿಧಾನ ನಿಧಾನ, ಬಸ್ ಏನೂ ತಪ್ಪಲ್ಲ ಎನ್ನುತ್ತಿದ್ದ ದೊಡ್ಡಣ್ಣ. ತಪ್ಪಿದ್ರೆ ಇನ್ನೊಂದು ಬರುತ್ತೆ ಬಿಡಿ ಎನ್ನುತ್ತಿದ್ದ ಡ್ರೈವರ್. ರಾತ್ರಿ ಪಾಳಿಯಿಂದ ನೇರ ಬರುತ್ತಿದ್ದ ನರ್ಸಮ್ಮ, ಇಲ್ಲಿ ಒಂದು ಗಂಟೆ ಕೈ ಆಡಿಸಿ ಹೋದ್ರೆ ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ, ಮಾತ್ರೆ ಬಿಟ್ಟು ವರ್ಷ ಆಯ್ತು ಎಂದು ಯಾರಿಗೋ ಹೇಳುತ್ತಿದ್ದಳು. ಡ್ರೈವರನ ರಕ್ತದೊತ್ತಡ ಇಳಿದಿತ್ತಂತೆ. ಇಳಿದದ್ದು ವ್ಯಾಯಾಮದಿಂದಲೋ ಒಂದು ಗಂಟೆ ಮನೆಯಿಂದ ಹೊರಗಿರುವುದರಿಂದಲೋ ತನಗೆ ಗೊತ್ತಿಲ್ಲವೆಂದು ಅವನೇ ಹೇಳುತ್ತಿದ್ದ. ಒಮ್ಮೆ ಟೀಚರ್ ತಡೆಯಲಾರದೆ ದೊಡ್ಡಣ್ಣನನ್ನು ಕೇಳಿದ್ದರು, ಯಾಕಪ್ಪ ನೀನು ನಮ್ಮ ಕಡೆ ತಿರುಗಿ ಕಲಿಸಲ್ಲ. ಅವನು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ, ನಾನು ನೋಡ್ತಾ ಇದ್ರೆ ನೀವು ನನಗೋಸ್ಕರ ಮಾಡ್ತೀರಮ್ಮ ಎಂದಿದ್ದ. ಆ ಮಾತು ಟೀಚರಿಗೆ ಹಿಡಿಸಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅದಕ್ಕೆ ತಕ್ಕ ಉತ್ತರ ಹುಡುಕುತ್ತಿದ್ದರು.

ಇವತ್ತು ಕಬ್ಬಿಣದ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದರು. ಸಂಜೆ ಮ್ಯಾನೇಜರಿಗೆ ಹೇಳಬೇಕಾದ ಮಾತು ಹತ್ತುವಾಗಲೇ ಸಿದ್ಧವಾಗಿತ್ತು. ಬರ್ತೀನಪ್ಪ, ಬೋರ್ಡು ಇದ್ದ ಹಾಗೇ ಇರಲಿ. ಸೊಸೆಗೂ ಒಂದು ಮಾತು ಸಿದ್ಧವಾಗಿತ್ತು, ಮೃದುವಾದದ್ದು, ನೀನಿನ್ನೂ ಚಿಕ್ಕವಳು, ನಿನಗೆ ಎಷ್ಟೋ ಜಾಗ ಸಿಗುತ್ತೆ ಎಂಬಂಥದ್ದು. ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡುತ್ತಿದ್ದಾಗಲೇ ದೊಡ್ಡಣ್ಣ ಬೆನ್ನು ಹಾಕಿ ನಿಂತು, ಉಸಿರು ಇಳೀಲಿ ಎಂದ. ಮೋಡ ಸರಿಸುವ ಕೈ. ಸಾಲು ಬಲಕ್ಕೆ ಹೋಯಿತು, ಟೀಚರ್ ಎಡಕ್ಕೆ, ತಮ್ಮ ಖಾಲಿ ನೆಲದೊಳಕ್ಕೆ. ಆಗ ಬಾಗಿಲು ಸದ್ದಿಲ್ಲದೆ ತೆರೆದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಯಾರೋ ತುದಿಗಾಲಲ್ಲಿ ಒಳಗೆ ಬಂದರು. ಟೀಚರ್ ನೋಡಬೇಕಾಗಿರಲಿಲ್ಲ. ಆದರೂ ನೋಡಿದರು. ಸೊಸೆ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರಿಗಿಂತ ಉಲ್ಟಾ ತೇಲುತ್ತಿರುವ ಅತ್ತೆಯನ್ನು ಅವಳು ನೋಡುತ್ತಿದ್ದಳು. ಟೀಚರಿಗೆ ಕಿವಿಯಿಂದ ಕುತ್ತಿಗೆಯವರೆಗೆ ಬಿಸಿಯೇರಿತು. ನಿಲ್ಲಿಸಬಹುದಿತ್ತು, ಕೆಮ್ಮಬಹುದಿತ್ತು, ನೀರು ಕುಡಿಯಲು ಹೋಗಬಹುದಿತ್ತು. ಕೈಗಳು ತಮ್ಮಷ್ಟಕ್ಕೆ ಮೋಡ ಸರಿಸುತ್ತಲೇ ಇದ್ದವು.

ಎಡ ಮೊಣಕಾಲು ಮೇಲೆ, ಒಂಟಿಕಾಲು, ಕೋಳಿ ನಿಂತ ಹಾಗೆ ಎಂದ ದೊಡ್ಡಣ್ಣ. ಎಲ್ಲರೂ ಎಡ ಮೊಣಕಾಲು ಎತ್ತಿದರು. ಟೀಚರ್ ಮಾತ್ರ ಎಂದಿನಂತೆ ಬಲಗಾಲು ಎತ್ತಲು ಹೋಗಿ, ಇಲ್ಲ, ಇವತ್ತು ಅವಳು ನೋಡಬೇಕು ಎಂದು ಹಠದಿಂದ ತಡೆದು ಎಡಗಾಲು ಎತ್ತಿದರು. ಬಲಗಾಲು, ಹೊಸ ಕೀಲಿನ ಕಾಲು, ಅವರನ್ನು ಹೊತ್ತು ನಿಂತಿತು. ಸಾಲಿನಲ್ಲಿ ಒಬ್ಬಿಬ್ಬರು ತೂರಾಡಿ ಕಾಲು ಇಳಿಸಿದರು. ಟೀಚರ್ ನಿಂತೇ ಇದ್ದರು. ನೋಡು, ಎಂದುಕೊಂಡರು, ಚೆನ್ನಾಗಿ ನೋಡು. ಎಂದುಕೊಂಡು, ಹಳೆಯ ಅಭ್ಯಾಸದಿಂದ, ಎದುರಿನವರ ಮುಖ ಓದುವ ಹಾಗೆ ಸೊಸೆಯ ಮುಖವನ್ನು ಓದಿದರು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ಅರಳಿ, ಎರಡೂ ಹುಬ್ಬು ಮೇಲೆ ಹೋಗಿ, ಮಗು ಮೊದಲ ಸಲ ಕೈ ಬಿಟ್ಟು ನಿಂತಾಗ ಇದ್ದಂಥ ಮುಖ. ಆಮೇಲೆ, ಒಂದು ಉಸಿರಿನಷ್ಟು ಹೊತ್ತು ಬಿಟ್ಟು, ಅದರ ಹಿಂದಿನಿಂದ ಇನ್ನೊಂದು ಮೆಲ್ಲಗೆ ಬಂದು ತುಂಬಿಕೊಂಡಿತು. ಹಾಗಾದರೆ ನನ್ನದು ಹೋಯಿತು ಎನ್ನುವ ಮುಖ. ಅವಳು ಕೂಡಲೇ ತಲೆ ತಗ್ಗಿಸಿ ಚಪ್ಪಲಿಯ ಪಟ್ಟಿಯನ್ನು ಸರಿಮಾಡತೊಡಗಿದಳು. ಎರಡೂ ಟೀಚರಿಗೆ ಕಂಡಿದ್ದವು. ಯಾವುದು ಮೊದಲು ಬಂತು ಎಂಬುದೂ ಕಂಡಿತ್ತು. ಮೇಷ್ಟ್ರು ಬಂದು ಬೆನ್ನು ಸರಿಹೋಯಿತೆಂದ ದಿನ ತಮ್ಮ ಮುಖದ ಮೇಲೆ ಮೊದಲು ಬಂದದ್ದು ಯಾವುದು ಎಂದು ಅವರು ಒಂಟಿಕಾಲಲ್ಲಿ ನಿಂತೇ ಯೋಚಿಸಿದರು. ಆಗ ಕಾಲು ಅಲುಗಿತು.

ಕ್ಲಾಸು ಮುಗಿದು ಎಲ್ಲರೂ ನೀರಿನ ಬಾಟಲಿಗಳನ್ನು ಹುಡುಕುತ್ತಿದ್ದಾಗ ಡ್ರೈವರ್ ಬಂದು, "ಇವ್ರು ನಿಮ್ಮ ಸೊಸೆನಾ ಟೀಚರ್?" ಎಂದ.

"ಟೀಚರ್ ಅಂತ ಯಾರು ಹೇಳಿದ್ರು ನಿಮಗೆ?"

"ನೋಡಿದ್ರೆ ಗೊತ್ತಾಗಲ್ವಾ. ನಾವು ತಪ್ಪು ಮಾಡಿದಾಗ ನಿಮ್ಮ ಹುಬ್ಬು ಏಳುತ್ತೆ. ಆಮೇಲೆ ನರ್ಸಮ್ಮ ಹೇಳಿದ್ರು, ಎದುರಿಗೆ ನಿಂತು ಕಲಿಸಿದವರು, ಅವರಿಗೆ ಎಡ ಬಲ ಹಾಗೇ ಬರೋದು, ಏನೂ ಅನ್ನಬೇಡಿ ಅಂತ. ಅದಕ್ಕೇ ನಿಮ್ಮ ಎಡಗಡೆ ಒಂದು ಬಸ್ ನಿಲ್ಲೋ ಜಾಗ ಬಿಟ್ಟಿದ್ದೀವಿ. ಆರಾಮಾಗಿ ಬನ್ನಿ, ಹೋಗಿ."

ಅವನು ನಗುತ್ತ ಮೆಟ್ಟಿಲಿಳಿದು ಹೋದ. ಟೀಚರ್ ಆ ನೆಲದ ಕಡೆ ನೋಡಿದರು. ಇಷ್ಟು ದಿನವೂ ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು, ಮೊಣಕೈ ಮಡಚಿ ಕೈ ಆಡಿಸಿದ್ದರು. ಅವರೊಬ್ಬರೇ ಹರವಾಗಿ ಆಡಿಸಿದ್ದರು.

ಟೈರಿನ ಅಂಗಡಿಯ ಪಕ್ಕದ ಚಹಾದ ಅಂಗಡಿಯಲ್ಲಿ ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕುಳಿತರು. ಸೊಸೆ ಗಾಜಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದಿದಳು.

"ಫಿಸಿಯೋ ಜೋರಾಗಿ ನಡೀತಿದೆ ಅತ್ತೆ."

"ಯಾವಾಗಿಂದ ಗೊತ್ತು ನಿನಗೆ?"

"ನರ್ಸಮ್ಮನ ತಂಗಿ ನಮ್ಮ ಬೆಳಗಿನ ಕ್ಲಾಸಿಗೆ ಬರ್ತಾರಲ್ಲ. ತುಂಬಾ ದಿನ ಆಯ್ತು."

"ಮತ್ತೆ ಇವತ್ತೂ ಬೆಳಿಗ್ಗೆ ಫಿಸಿಯೋ ಅಲ್ವಾ ಅಂತ ಕೇಳಿದೆ?"

"ಸುಳ್ಳು ನಿಮ್ಮದು. ನಾನು ಬರೀ ಜೊತೆ ಕೊಟ್ಟೆ."

ಟೀಚರಿಗೆ ನಗು ಬಂತು. ನಗಬಾರದೆಂದು ಚಹಾ ಕುಡಿದು ನಾಲಿಗೆ ಸುಟ್ಟುಕೊಂಡರು.

"ಮತ್ತೆ ಇವತ್ತು ಯಾಕೆ ಬಂದೆ?"

ಸೊಸೆ ರಸ್ತೆಯ ಕಡೆ ತಿರುಗಿದಳು. "ಮ್ಯಾನೇಜರ್ ನನಗೂ ಫೋನ್ ಮಾಡಿದ್ರು. ಅತ್ತೇನ ಕೇಳಿ, ಜಾಗ ಅವರದು ಅಂದೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ನಿಮ್ಮ ಕಾಲು ನಿಲ್ಲುತ್ತಾ ಇಲ್ವಾ ಅಂತ ನೋಡಿಬಿಡೋಣ ಅನ್ನಿಸ್ತು. ಕೆಟ್ಟ ಯೋಚನೆ, ಗೊತ್ತು."

"ನಿಂತಿತು."

"ನಿಂತಿತು. ಎಷ್ಟು ಚೆನ್ನಾಗಿ ನಿಂತ್ರಿ ಅತ್ತೆ. ಆ ದಪ್ಪ ಕನ್ನಡಕದ ಹೆಂಗಸು ಬಿದ್ದೇಹೋಗ್ತಿದ್ರು, ನೀವು ಕಂಬ."

"ನಿನಗೆ ಕ್ಲಾಸು ಬೇಕಾ?"

ಅವಳು ಥಟ್ಟನೆ ಬೇಡ ಎನ್ನುತ್ತಾಳೆಂದು ಟೀಚರ್ ಎಣಿಸಿದ್ದರು. ಹಾಗೆಂದಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಸೊಸೆ ಲೋಟವನ್ನು ಬೆಂಚಿನ ಮೇಲಿಟ್ಟಳು.

"ಬೇಕು. ಬೇಡ ಅಂದ್ರೆ ನೀವು ನಂಬಲ್ಲ. ಮೇಷ್ಟ್ರು ನಿನ್ನೆ ಬಗ್ಗಿ ತಮ್ಮ ಶೂ ಲೇಸು ತಾವೇ ಕಟ್ಟಿಕೊಂಡ್ರು. ಹೊರಗೆ ಹೋಗ್ತಿದ್ದವರೆಲ್ಲ ನಿಂತು ನೋಡಿದ್ವಿ. ಕಟ್ಟಿ ಎದ್ದು, ಮತ್ತೆ ಬಿಚ್ಚಿ, ಇನ್ನೊಂದು ಸಲ ಕಟ್ಟಿದ್ರು. ಬೇಕು ಅತ್ತೆ. ಆದ್ರೆ ನೀವು ಬರ್ತೀನಿ ಅಂದ್ರೆ ಬಿಟ್ಟುಕೊಡ್ತೀನಿ. ಮುಖ ಊದಿಸ್ಕೊಳ್ಳಲ್ಲ." ಸ್ವಲ್ಪ ಯೋಚಿಸಿ, "ಒಂದು ವಾರ ಊದಿಸ್ಕೊಬಹುದು" ಎಂದಳು.

"ಒಂದೇ ವಾರನಾ?"

"ಹತ್ತು ದಿನ."

"ಒಂದು ದಿನ ನಾನು, ಒಂದು ದಿನ ನೀನು ಅಂತ ಮಾಡಿದ್ರೆ?"

"ನನ್ನ ದಿನ ನೀವು ಮನೆಯಲ್ಲಿ ಕೂತಿರ್ತೀರಾ?"

ಟೀಚರ್ ಪ್ರಾಮಾಣಿಕವಾಗಿ ಯೋಚಿಸಿದರು. ಕೂತಿರುವುದಿಲ್ಲ. ಬಂದು ಬಾಗಿಲ ಹತ್ತಿರ ನಿಲ್ಲುತ್ತಾರೆ. ಹುಬ್ಬು ಏಳುತ್ತದೆ. ಚಾಪೆಯ ಮೇಲೆ ಮಲಗಿದವರು ಹೊಟ್ಟೆಯೊಳಗಿನ ಸಣ್ಣ ಸ್ನಾಯುವನ್ನು ಬಿಟ್ಟು ಆ ಹುಬ್ಬನ್ನೇ ನೋಡುತ್ತಾರೆ. "ಚಹಾ ಆರುತ್ತೆ, ಕುಡಿ" ಎಂದರು. ಸೊಸೆ ಮತ್ತೆ ಕೇಳಲಿಲ್ಲ. ಮಗುವಿನ ಶಾಲೆ ಬಿಡುವ ಹೊತ್ತಾಗಿತ್ತು, ಅವಳು ಆ ಕಡೆಯ ಬಸ್ಸು ಹಿಡಿದಳು. ಕಿಟಕಿಯಿಂದ, ಸೀಟು ಕೇಳಿ ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದಳು.

ಮನೆಗೆ ಬಂದು ಟೀಚರ್ ಬಟ್ಟೆಯನ್ನೂ ಬದಲಿಸದೆ ಫೋನ್ ತೆಗೆದುಕೊಂಡರು. ತಡಮಾಡಿದರೆ ಮನಸ್ಸು ಬದಲಾಗುತ್ತದೆಂಬುದು ಅವರಿಗೆ ಗೊತ್ತಿತ್ತು. ತಮ್ಮ ಔದಾರ್ಯದ ಮೇಲೆ ಅವರಿಗೆ ಅಷ್ಟೇನೂ ಭರವಸೆ ಇರಲಿಲ್ಲ.

"ಅವಳ ಹೆಸರು ಬರೆಸಿ."

ಮ್ಯಾನೇಜರ್ ಆ ಕಡೆಯಿಂದ ಕ್ಷಮೆಯಿಂದಲೇ ಶುರುಮಾಡಿದ. "ಟೀಚರೇ, ಕ್ಷಮಿಸಿ, ಖಂಡಿತಾನಾ? ಆಮೇಲೆ ಬಣ್ಣ ಅಳಿಸೋದು ಕಷ್ಟ."

"ಖಂಡಿತ."

"ಕಾಲು ಇನ್ನೂ ಸರಿಹೋಗಲಿಲ್ವಾ?"

ಹೌದು ಎಂದುಬಿಡಬಹುದಿತ್ತು. ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದರು, ಜಾಗ ತಾನಾಗಿ ಬಿಟ್ಟದ್ದಲ್ಲ, ಕಾಲು ಬಿಡಿಸಿದ್ದು ಎಂದಾಗುತ್ತಿತ್ತು. ಅದರಲ್ಲಿ ಒಂದು ಮಾನವಿತ್ತು. "ಕಾಲು ಚೆನ್ನಾಗಿದೆ" ಎಂದರು. "ಅವಳು ಚೆನ್ನಾಗಿ ಕಲಿಸ್ತಾಳೆ, ಅದಕ್ಕೆ."

ಫೋನ್ ಇಟ್ಟ ಮೇಲೆ ಅವರು ಅಂದುಕೊಂಡಿದ್ದ ಹಗುರ ಬರಲಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ. ಎಚ್ಚರವಾಗಿ ಏನು ಮಾಡುವುದು. ನಾಡಿದ್ದು ಬೀದಿಯಲ್ಲಿ ಸಿಕ್ಕವರು ಟೀಚರ್ ಎಂದು ಕರೆಯುತ್ತಾರೆ, ಆ ಮಾತು ಇನ್ನು ಹಳೆಯ ಪೋಸ್ಟ್‌ಬಾಕ್ಸಿನಂತೆ, ಬಣ್ಣ ಇರುತ್ತದೆ, ಯಾರೂ ಕಾಗದ ಹಾಕುವುದಿಲ್ಲ. ಮೇಷ್ಟ್ರು ಸತ್ತೇಹೋಗುವವರೆಗೆ ಸೊಸೆಯನ್ನೇ ಹೊಗಳುತ್ತಾರೆ. ಇಂಥ ಸಣ್ಣ ಯೋಚನೆಗಳು ಒಂದರ ಹಿಂದೊಂದು ಬಂದವು. ಟೀಚರ್ ಅವುಗಳನ್ನು ತಡೆಯಲಿಲ್ಲ. ಕೋಣೆಗೆ ಹೋಗಿ, ಕಿಟಕಿಯ ಬೆಳಕು ಬೀಳುವಲ್ಲಿ ಚಾಪೆ ಹಾಸಿ, ಒಂದು ಕೈಯೂರಿ, ಇನ್ನೊಂದು ಕೈಯೂರಿ, ಮೆಲ್ಲಗೆ ಮಲಗಿದರು. ಕಾಲು ಅಗಲ, ಅಂಗೈ ಮೇಲಕ್ಕೆ. ಮೂವತ್ತು ವರ್ಷ ದಿನವೂ ತರಗತಿಯ ಕೊನೆಗೆ ಎಲ್ಲರನ್ನೂ ಹೀಗೆ ಮಲಗಿಸಿ ಅವರು ಚಾಪೆಗಳ ನಡುವೆ ಓಡಾಡುತ್ತಿದ್ದರು, ಒಬ್ಬರ ಭುಜ ತಗ್ಗಿಸುತ್ತ, ಒಬ್ಬರ ಗಲ್ಲ ಸರಿಪಡಿಸುತ್ತ, ಒಂದು ಕಣ್ಣು ಗಡಿಯಾರದ ಮೇಲೆ. ತಾವು ಮಲಗಿದ್ದು ನೆನಪಿಲ್ಲ. ಒಬ್ಬರಾದರೂ ಎಚ್ಚರವಿರಬೇಕಲ್ಲ. ಸೂರು ಇಷ್ಟು ಎತ್ತರದಲ್ಲಿದೆಯೆಂದು, ಅದರಲ್ಲೊಂದು ಉದ್ದನೆಯ ಬಿರುಕಿದೆಯೆಂದು ಅವರಿಗೆ ಈಗ ಕಂಡಿತು. ಮೈ ಬಿಟ್ಟುಕೊಡಲಿಲ್ಲ. ದವಡೆ ಬಿಗಿದಿತ್ತು, ಬೆರಳು ಮಡಚಿಕೊಂಡಿದ್ದವು.

ಬಾಗಿಲ ಸದ್ದಾಯಿತು. ಮಗು ಓಡಿಬಂದು, ಅಜ್ಜಿ ಯಾಕೆ ನೆಲದ ಮೇಲೆ ಮಲಗಿದಾರೆ ಎಂದು ಕೇಳಿತು. ಹೋಗು, ಕೈಕಾಲು ತೊಳ್ಕೋ ಎಂದಿತು ಸೊಸೆಯ ದನಿ. ಆಮೇಲೆ ಹಿಮ್ಮಡಿ ಊರದ ಹೆಜ್ಜೆಗಳು ಹತ್ತಿರ ಬಂದು ತಲೆಯ ಬಳಿ ನಿಂತವು. ಟೀಚರ್ ಕಣ್ಣು ತೆರೆಯಲಿಲ್ಲ.

"ಮ್ಯಾನೇಜರ್ ಫೋನ್ ಮಾಡಿದ್ರು ಅತ್ತೆ."

"ಹೂಂ."

"ನೀವು ನನಗೆ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನಾನು ಒಪ್ಪಿಬಿಡ್ತಿದ್ದೆ."

ನೆಲದ ಮೇಲೆ ಕುಳಿತ ಸದ್ದಾಯಿತು. ಟೀಚರ್ ಏಳಲು ಮೊಣಕೈ ಊರಿದರು. "ಏಳಬೇಡಿ, ಹಾಗೇ ಇರಿ" ಎಂದಳು ಅವಳು. ಅದು ಮನೆಯ ದನಿಯಾಗಿರಲಿಲ್ಲ, ಟೀಚರ್ ಈವರೆಗೆ ಕೇಳಿರದ, ಅವಳ ಬೆಳಗಿನ ದನಿ, ತಗ್ಗಿ, ಅವಸರವಿಲ್ಲದೆ. "ಹಣೆ. ಹಣೆ ಸಡಿಲ ಬಿಡಿ."

ತಲೆಯಿಂದ ಶುರುಮಾಡಿದಳು. ಪಾದದಿಂದ ಶುರುಮಾಡಬೇಕು. ಪಾದದಿಂದ ಮೇಲಕ್ಕೆ ಬಂದು ಕೊನೆಗೆ ಹಣೆ, ಅದು ಕ್ರಮ, ತಾವು ಕಲಿತದ್ದು, ಮೂವತ್ತು ವರ್ಷ ಹೇಳಿದ್ದು. ಹೇಳಲು ಟೀಚರ ನಾಲಿಗೆ ಎದ್ದಿತು. ಅದಕ್ಕೆ ಸರಿಯಾಗಿ ಆ ದನಿ, ನಾಲಿಗೆ, ಅದು ಸುಮ್ಮನೆ ಕೆಳಗೆ ಮಲಗಲಿ ಎಂದಿತು. ನಾಲಿಗೆ ಮಲಗಿತು. ದವಡೆ ಎಂದಿತು, ದವಡೆ ಬಿಟ್ಟಿತು. ಕುತ್ತಿಗೆ. ಭುಜ. ದನಿ ಇಳಿಯುತ್ತ ಹೋದಂತೆ ಅದು ಮುಟ್ಟಿದ ಕಡೆಯೆಲ್ಲ ಮೈ ಒಂದೊಂದಾಗಿ ನೆಲಕ್ಕೆ ಸುರಿಯಿತು. ಬೆರಳುಗಳು ಬಿಚ್ಚಿಕೊಂಡವು. ಹೊಟ್ಟೆ ಏರಿತು, ಇಳಿಯಿತು. ಮುಚ್ಚಿದ ಕಣ್ಣಿನ ಅಂಚಿನಿಂದ ಏನೋ ಬೆಚ್ಚಗೆ ಕಿವಿಯ ಕಡೆ ಹರಿದಾಗ ಅದನ್ನು ಒರೆಸಿಕೊಳ್ಳಬೇಕೆಂದು ಅವರಿಗೆ ಅನ್ನಿಸಲಿಲ್ಲ. ದನಿ ಸೊಂಟಕ್ಕೆ ಬಂದು ತಲುಪಿತು, ಎಂಟು ತಿಂಗಳಿಂದ ಹಗಲೂ ರಾತ್ರಿ ಕಾವಲು ಕುಳಿತಿದ್ದ ಆ ಜಾಗಕ್ಕೆ. ಅಲ್ಲಿ ನಿಂತಿತು. ಮುಂದೆ ಹೋಗಲಿಲ್ಲ.

"ಇಲ್ಲಿ ಸ್ವಲ್ಪ ಹೊತ್ತು ಇರೋಣ" ಎಂದಳು ಸೊಸೆ.